ಉಣ್ಣೆ ಕತ್ತರಿಸಿದ ಮರುದಿನ

ಭಾನುವಾರ ಬೆಳಿಗ್ಗೆ ಹಾಸ್ಟೆಲಿನ ಹುಡುಗಿಯರೆಲ್ಲ ತಲೆ ಬಾಚಿಕೊಳ್ಳುವ ಹೊತ್ತಿಗೆ ನಾನು ಮೈಕಿನ ತಲೆ ಬಾಚುತ್ತೇನೆ. ತಮಾಷೆಗೆ ಹೇಳುತ್ತಿಲ್ಲ. ಬಯಲಿನಲ್ಲಿ ಧ್ವನಿ ಹಿಡಿಯುವ ಮೈಕಿಗೆ ಗಾಳಿಯ ಭರ್ರೆನ್ನುವ ಸದ್ದು ತಾಗದಿರಲೆಂದು ಉದ್ದ ಕೂದಲಿನ ಒಂದು ಗವಸು ತೊಡಿಸುತ್ತಾರೆ. ದೂರದಿಂದ ನೋಡಿದರೆ ಬೂದು ಬೆಕ್ಕೊಂದು ಕೋಲಿನ ತುದಿಯಲ್ಲಿ ನಿದ್ದೆ ಮಾಡಿದಂತೆ ಕಾಣುತ್ತದೆ. ಧೂಳು ಕೂತರೆ ಅದರ ಕೂದಲು ಗಂಟಾಗುತ್ತದೆ. ಗಂಟಾದರೆ ಗಾಳಿಯನ್ನು ತಡೆಯುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆ ಬಾಚಬೇಕು. ನಮ್ಮ ತರಗತಿಯಲ್ಲಿ ಈ ಕೆಲಸ ಯಾರಿಗೂ ಬೇಡ. ನನಗೆ ಮಾತ್ರ ಬೇಕು. ಒಂದು ಬಟ್ಟಲು ಚಹಾ ಇಟ್ಟುಕೊಂಡು, ಗವಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಾಚುತ್ತ ಕೂತರೆ ಅರ್ಧ ಗಂಟೆ ಹೋದದ್ದೇ ತಿಳಿಯುವುದಿಲ್ಲ.

ಹೋದ ಭಾನುವಾರ ಬಾಚಣಿಗೆಯ ಹಲ್ಲಿಗೆ ಒಂದೆಳೆ ಕಪ್ಪು ಉಣ್ಣೆ ಸಿಕ್ಕಿಕೊಂಡು ಬಂತು. ಗವಸಿನ ಕೂದಲು ಪ್ಲಾಸ್ಟಿಕ್ಕಿನದು, ನುಣುಪು. ಇದು ಒರಟು. ಮೂಗಿನ ಹತ್ತಿರ ಹಿಡಿದರೆ ಮಳೆಯಲ್ಲಿ ನೆನೆದು ಬಿಸಿಲಿನಲ್ಲಿ ಒಣಗಿದ ಕಂಬಳಿಯ ವಾಸನೆ. ಬಾಚುವುದನ್ನು ಅಲ್ಲಿಗೇ ಬಿಟ್ಟೆ. ಚಹಾ ಆರಿತು.

ನಾನು ಓದುತ್ತಿರುವುದು ಪುಣೆಯ ಒಂದು ಸಣ್ಣ ಸಿನಿಮಾ ಶಾಲೆಯಲ್ಲಿ. ಹೆಸರು ಹೇಳಿದರೂ ನೀವು ಕೇಳಿರಲಾರಿರಿ. ಅದೇ ಬೀದಿಯ ಆಟೋದವರೇ ಕೇಳಿಲ್ಲ. ನನ್ನ ವಿಷಯ ಧ್ವನಿ. ಇಲ್ಲಿಗೆ ಬರುವ ಮುಂಚೆ ಮೂರು ವರ್ಷ ಕಲಬುರಗಿಯ ಒಂದು ಪತ್ರಿಕೆಯಲ್ಲಿ ಉಪಸಂಪಾದಕಿಯಾಗಿದ್ದೆ. ಅಲ್ಲಿ ಕಲಿತದ್ದು ಎರಡು: ಕಂಡದ್ದನ್ನೂ ಕೇಳಿದ್ದನ್ನೂ ಕಲಸಬಾರದು, ವಿಶೇಷಣ ಕಂಡಲ್ಲಿ ಹೊಡೆದುಹಾಕಬೇಕು. ಸಿನಿಮಾ ಶಾಲೆಯಲ್ಲಿ ಈ ಎರಡೂ ಗುಣಗಳಿಗೆ ಅಷ್ಟಾಗಿ ಬೆಲೆಯಿಲ್ಲ. ಮೊದಲ ದಿನ ಮೇಷ್ಟ್ರು ಒಬ್ಬೊಬ್ಬರನ್ನೇ ನಿಲ್ಲಿಸಿ, ಸಿನಿಮಾಕ್ಕೆ ಯಾಕೆ ಬಂದಿರಿ ಎಂದು ಕೇಳಿದರು. ಮೂವರು ಅತ್ತರು. ಒಬ್ಬ ಹಾಡಿದ. ನಾನು ಹೆಸರು, ಊರು, ಹಿಂದಿನ ಕೆಲಸ, ಬಂದ ದಿನಾಂಕ ಹೇಳಿ ಕೂತೆ. ಮೇಷ್ಟ್ರು ಇನ್ನೂ ಏನೋ ಬರುತ್ತದೆಂದು ಸ್ವಲ್ಪ ಹೊತ್ತು ಕಾದರು.

ಸಿನಿಮಾ ನೋಡುವುದರಲ್ಲೂ ನಾನು ಅಂಥ ಜಾಣೆಯಲ್ಲ. ಶನಿವಾರ ಸಂಜೆ ಶಾಲೆಯಲ್ಲಿ ಯಾವುದಾದರೂ ದೇಶದ ಸಿನಿಮಾ ಹಚ್ಚುತ್ತಾರೆ. ಎಲ್ಲರೂ ಮುಂದಿನ ಸಾಲಿಗೆ ಓಡುತ್ತಾರೆ. ನಾನು ಹಿಂದೆ, ಸ್ಪೀಕರಿನ ಪಕ್ಕದ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ಕೂರುತ್ತೇನೆ. ಬಾಗಿಲು ಕಟ್ಟಿಗೆಯದೋ ಕಬ್ಬಿಣದೋ, ನಡೆಯುವವನ ಚಪ್ಪಲಿ ಹೊಸದೋ ಹಳೆಯದೋ ಎಂದು ಕಿವಿಯಿಂದಲೇ ಗುರುತಿಸುವುದು ನನ್ನ ಆಟ. ಇವಳು ನಿದ್ದೆ ಮಾಡುತ್ತಾಳೆ ಎಂದು ಗೆಳತಿಯರು ಹೇಳುತ್ತಾರೆ. ಅರ್ಧದಷ್ಟು ಸಲ ಅದು ನಿಜವೂ ಹೌದು. ಒಂದು ಸಲ ನನ್ನ ಗೊರಕೆ ನಾಯಕನ ಸಾವಿನ ದೃಶ್ಯದಲ್ಲಿ ಕೇಳಿಬಂತೆಂಬುದು ಕೇಳಿದ ಮಾತು, ನಾನು ಕಂಡದ್ದಲ್ಲ.

ಊರು ಯಾವುದು ಎಂದು ಕೇಳಿದವರಿಗೆ ಉತ್ತರ ಹೇಳುವುದು ಮಾತ್ರ ಎರಡೂ ಕಡೆ ಕಷ್ಟವೇ. ಕಲಬುರಗಿಯಲ್ಲಿ, "ಮಹಾರಾಷ್ಟ್ರದವರು ಇಷ್ಟು ಕನ್ನಡ ಹ್ಯಾಂಗ ಮಾತಾಡ್ತೀರಿ?" ಎನ್ನುತ್ತಿದ್ದರು. ಪುಣೆಯಲ್ಲಿ, ಉಮರ್ಗಾದ ಹುಡುಗಿಯ ಮನೆಮಾತು ಕನ್ನಡ ಹೇಗೆ ಎಂದು ಮರಾಠಿಯಲ್ಲಿ ಕೇಳುತ್ತಾರೆ. ಏಳನೆಯವರೆಗೆ ಕನ್ನಡ ಶಾಲೆ, ಆಮೇಲೆ ಮರಾಠಿ, ಮನೆಯಲ್ಲಿ ಕನ್ನಡ, ಬಸ್ ಸ್ಟ್ಯಾಂಡಿನಲ್ಲಿ ಮರಾಠಿ, ಸಿಟ್ಟು ಬಂದಾಗ ಎರಡೂ. ನಮ್ಮಲ್ಲಿ ಇದನ್ನು ಯಾರೂ ವಿಶೇಷವೆಂದು ತಿಳಿದಿಲ್ಲ. ನಾಯಿ ಕೂಡ ಎರಡರಲ್ಲೂ ಬೈಸಿಕೊಳ್ಳುತ್ತದೆ.

ನಮ್ಮೂರು ಯೆಣೆಗೂರಿನ ಹೆದ್ದಾರಿಯಿಂದ ಒಳಗೆ ಮೂರು ಕಿಲೋಮೀಟರ್. ನಾವು ಬೀರಪ್ಪನ ಒಕ್ಕಲು. ಅಪ್ಪ ಹೊಲ ನೋಡುತ್ತಾನೆ. ಅಪ್ಪನ ಅಣ್ಣ, ಅಂದರೆ ನನ್ನ ದೊಡ್ಡಪ್ಪ ಮಾಳಪ್ಪ, ಕುರಿ ನೋಡುತ್ತಾನೆ. ನೋಡುತ್ತಿದ್ದ ಎಂದು ತಿದ್ದಿಕೊಳ್ಳಬೇಕು. ಈ ತಿದ್ದುಪಡಿಗೆ ಕೈ ಇನ್ನೂ ಒಗ್ಗಿಲ್ಲ.

ದೀಪಾವಳಿ ಮುಗಿದು, ಸೋಯಾ ಕೊಯ್ದ ಹೊಲಗಳು ಬಯಲಾಗುತ್ತಿದ್ದಂತೆ ದೊಡ್ಡಪ್ಪ ಹಿಂಡು ಹೊಡೆದುಕೊಂಡು ಮೂಡಣಕ್ಕೆ ಹೊರಡುತ್ತಿದ್ದ. ಗೊಬ್ಬರಕ್ಕಾಗಿ ಹೊಲದವರು ಕುರಿ ತರುಬಿಸಿಕೊಳ್ಳುತ್ತಾರೆ, ಅಂದರೆ ಇರುಳು ತಮ್ಮ ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಒಂದು ಹೊಲದಲ್ಲಿ ಒಂದು ಇರುಳು, ಇನ್ನೊಂದರಲ್ಲಿ ಎರಡು, ಹೀಗೆ ಉಮರ್ಗಾ, ನಿಲಂಗಾ, ಔರಾದ ಶಹಾಜನಿ ದಾಟಿ ಉದಗೀರದವರೆಗೆ. ಚಿಕ್ಕವಳಿದ್ದಾಗ ದೀಪಾವಳಿ ರಜೆಯಲ್ಲಿ ನಾನೂ ಹಟ ಮಾಡಿ ಹಿಂಡಿನ ಹಿಂದೆ ಹೊರಡುತ್ತಿದ್ದೆ. ಒಂದಿಡೀ ದಿನ ನಡೆದರೆ ಉಮರ್ಗಾ. ಉಮರ್ಗಾ ಬಂತೆಂದರೆ ದೊಡ್ಡಪ್ಪ ನನ್ನನ್ನು ಬಸ್ಸು ಹತ್ತಿಸುತ್ತಿದ್ದ.

"ಇಲ್ಲಿತನಾ ಬಂದಿ, ಸಾಕು. ಮುಂದಿಂದು ಮುಂದಿನ ವರ್ಷ."

"ಹ್ವಾದ ವರ್ಷನೂ ಹಿಂಗೇ ಅಂದಿದ್ದಿ."

"ಹೌದಲ್ಲ. ನಾ ಮಾತು ಬದಲಾಯಿಸೋ ಮನಷ್ಯಾ ಅಲ್ಲ."

ಕಂಡಕ್ಟರಿಗೆ ಯೆಣೆಗೂರಿನಲ್ಲಿ ಇಳಿಸಲು ಹೇಳಿ, ಕಿಟಕಿಯಿಂದ ಒಂದು ಪುಡಿಕೆ ಚುರಮರಿ ಕೊಟ್ಟು ಅಂವ ಹೋಗಿಬಿಡುತ್ತಿದ್ದ. ಹೀಗೆ ಆರು ವರ್ಷ. ನಿಲಂಗಾ, ಉದಗೀರ ಎಂಬುವು ನನ್ನ ಪಾಲಿಗೆ ಬಸ್ಸಿನ ಹಣೆಯ ಮೇಲಿನ ಫಲಕಗಳಾಗಿಯೇ ಉಳಿದವು. ಆಮೇಲೆ ನಾನು ದೊಡ್ಡವಳಾದೆ. ದೊಡ್ಡವಳಾದ ಹುಡುಗಿ ಹಿಂಡಿನ ಹಿಂದೆ ಹೋಗುವ ಮಾತೇ ನಮ್ಮಲ್ಲಿ ಇಲ್ಲ.

ಹೋದ ದಸರೆಯಲ್ಲಿ ಅಪ್ಪ ಫೋನ್ ಮಾಡಿದ. ದೊಡ್ಡಪ್ಪನ ಮೊಣಕಾಲು ಇನ್ನು ನಡೆಯುವ ಸ್ಥಿತಿಯಲ್ಲಿಲ್ಲ. ಉದಗೀರದ ಮಗಳ ಮನೆಯವರಿಗೆ ಹಿಂಡು ಒಪ್ಪಿಸುವುದೆಂದು ತೀರ್ಮಾನವಾಗಿದೆ. ಟೆಂಪೋದಲ್ಲಿ ಹಾಕಿ ಕಳಿಸೋಣ ಎಂದರೆ ಒಪ್ಪುತ್ತಿಲ್ಲ. "ಒಂದ್ಸಲ ನಡಸ್ಕೋತ ಹೋಗಿ ಬಿಟ್ಟು ಬರ್ತೀನಿ, ಬರೋವಾಗ ಬಸ್ಸಿಗೆ ಬರ್ತೀನಿ" ಎನ್ನುತ್ತಿದ್ದಾನೆ.

ಎರಡನೆಯ ವರ್ಷದ ನಮ್ಮ ಪಾಠದಲ್ಲಿ ಎಂಟು ನಿಮಿಷದ ಒಂದು ಚಿತ್ರ ಮಾಡಬೇಕು. ಮೇಷ್ಟ್ರಿಗೆ ಅರ್ಜಿ ಬರೆದೆ: ಕುರಿಗಾರನೊಬ್ಬನ ಒಂದು ದಿನದ ನಡಿಗೆ, ಬೆಳಗಿನಿಂದ ಸಂಜೆಯವರೆಗೆ. ಅರ್ಜಿಯಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಬರೆಯದೆ ಬಿಟ್ಟದ್ದು ಒಂದಿತ್ತು. ನನಗೆ ಬೇಕಾದದ್ದು ಚಿತ್ರವಲ್ಲ, ಉದಗೀರ. ದೊಡ್ಡಪ್ಪನ ಹಿಂದೆ ಉಮರ್ಗಾ ದಾಟಿ ಕೊನೆಯವರೆಗೆ ಒಮ್ಮೆ ನಡೆಯಬೇಕಿತ್ತು, ಅದಕ್ಕೆ ಇನ್ನು ಒಂದೇ ಸಲ ಉಳಿದಿತ್ತು. ಕ್ಯಾಮೆರಾ ಐದು ದಿನಕ್ಕೆ ಸಿಕ್ಕಿತು. ಜೊತೆಗೆ ಕ್ಯಾಮೆರಾ ಓದುವ ನನ್ನ ಗೆಳತಿ ಸಾಯಲಿ ಬಂದಳು. ನಾಸಿಕದವಳು, ಒಂದಕ್ಷರ ಕನ್ನಡ ಬಾರದು.

ದೊಡ್ಡಪ್ಪ ಕ್ಯಾಮೆರಾವನ್ನು ಕಣ್ಣೆತ್ತಿ ನೋಡಲಿಲ್ಲ. ಅವನ ಲಕ್ಷ್ಯವೆಲ್ಲ ಮೈಕಿನ ಗವಸಿನ ಮೇಲೆ. ಎರಡು ಬೆರಳಲ್ಲಿ ಎಳೆ ತಿಕ್ಕಿ ನೋಡಿದ.

"ಇದ್ಯಾವ ಕುರಿದು ಮಾಯವ್ವಾ?"

"ಕುರಿದಲ್ಲ ದೊಡ್ಡಪ್ಪಾ, ಪ್ಲಾಸ್ಟಿಕ್ಕಿಂದು. ಗಾಳಿ ತಡೀಲಾಕ."

"ಅದಕ್ಕೇ ಜೀವಾ ಇಲ್ಲ ಇದರಾಗ. ಗಾಳಿ ತಡಿಯೋದದ ಅಂದ್ರ ನನ್ನ ಕಂಬಳಿ ಸುತ್ತು. ನಲವತ್ತು ವರ್ಷ ತಡದದ."

ಹಿರಿಯನ ಮಾತು ಮೀರಬಾರದೆಂದು ಸುತ್ತಿ ನೋಡಿದೆವು. ದೊಡ್ಡಪ್ಪನ ಧ್ವನಿ ಬಾವಿಯೊಳಗಿಂದ ಬಂದಂತೆ ಕೇಳಿತು. "ಭಾಳ ಗಟ್ಟಿ ಅದ ನಿನ್ನ ಕಂಬಳಿ" ಎಂದು ಹೇಳಿ ಬಿಚ್ಚಿದೆ. ಅಂವ ಹೆಮ್ಮೆಯಿಂದ ಹೊದ್ದುಕೊಂಡ. ಕರಿಯ ಎಂಬ ನಾಯಿಗೆ ಮಾತ್ರ ಆ ಗವಸಿನೊಂದಿಗೆ ಐದು ದಿನವೂ ರಾಜಿಯಾಗಲಿಲ್ಲ. ಕೋಲು ಎತ್ತಿದಾಗಲೆಲ್ಲ ಬೊಗಳಿತು. ನನ್ನ ಧ್ವನಿಮುದ್ರಣದ ಕಾಲು ಭಾಗ ಅದರ ಅಭಿಪ್ರಾಯವೇ.

ಹಳೆಯ ಚಟಕ್ಕೆ ನೋಟ್‌ಬುಕ್ ತೆರೆದು ಕೇಳಿದೆ, "ಎಷ್ಟು ಕುರಿ ಅವ ದೊಡ್ಡಪ್ಪಾ?"

"ಇದ್ದಷ್ಟು ಅವ."

"ಹಂಗಂದ್ರ ಎಷ್ಟು?"

"ಮನ್ಯಾಗ ಮಕ್ಕಳಿಗಿ ಎಣಿಸಿ ಬಾಗಲಾ ಹಾಕ್ತಾರೇನ? ಮಾರಿ ನೋಡ್ತಾರ. ಎಲ್ಲಾರ ಮಾರಿ ಕಂಡ್ರ ಎಲ್ಲಾರೂ ಬಂದಂಗ."

'ಸುಮಾರು ಐವತ್ತು' ಎಂದು ಬರೆದುಕೊಂಡೆ. ಡೆಸ್ಕಿನಲ್ಲಿದ್ದಾಗ 'ಸುಮಾರು' ಎಂದು ಬರೆದ ವರದಿಗಾರರಿಗೆ ನಾನೇ ಬೈದದ್ದುಂಟು.

ಮೊದಲ ದಿನ ಚೆನ್ನಾಗಿ ಹೋಯಿತು. ತಣ್ಣನೆಯ ಬೆಳಗು, ಮೈತುಂಬ ಕರಿ ಉಣ್ಣೆಯ ಕುರಿಗಳು, ಎಂಟು ದಿನದ ಗಡ್ಡ ಬಿಟ್ಟ ದೊಡ್ಡಪ್ಪ. ಅಂವ ನಡೆಯುವಾಗ ಸುಮ್ಮನಿರುವವನೇ ಅಲ್ಲ. ಕುರಿಯ ಜೊತೆ, ನಾಯಿಯ ಜೊತೆ, ಹಾದುಹೋಗುವ ಟ್ರಾಕ್ಟರಿನವನ ಜೊತೆ, ಯಾರೂ ಸಿಗದಿದ್ದರೆ ತನ್ನ ಮೊಣಕಾಲಿನ ಜೊತೆ ಮಾತಾಡುತ್ತಾನೆ. ಸಾಯಲಿಗಂತೂ ಗಂಟೆಗೊಮ್ಮೆ, "ಬಾಳಾ, ಜೇವ್ಲೀಸ ಕಾ?" ಎಂದು ಊಟ ಆಯಿತೇ ಎಂದು ಕೇಳುತ್ತಿದ್ದ. ಆಕಿ ಹೂಂ ಎಂದರೂ ಸೆರಗಿನಷ್ಟು ಅಗಲದ ರೊಟ್ಟಿಯೊಂದು ಆಕಿಯ ಕೈಗೆ ಬರುತ್ತಿತ್ತು. ನಡುನಡುವೆ ಕುರಿಗಳನ್ನು ಕರೆಯುತ್ತಿದ್ದ. ನಾಲಿಗೆಯಿಂದ ಥ್ರ್ರ್ ಎಂದು ಶುರುವಾಗಿ, ಗಂಟಲಿಗೆ ಇಳಿದು, ಹೋ ಎಂದು ಬಯಲಿಗೆ ಬಿಟ್ಟುಕೊಡುವ ಕರೆ. ಕೇಳಿದ ಕೂಡಲೇ ಐವತ್ತು ತಲೆಗಳು ಒಟ್ಟಿಗೆ ಮೇಲೇಳುತ್ತಿದ್ದವು. ಹೆಡ್‌ಫೋನಿನಲ್ಲಿ ಮೊದಲ ಸಲ ಕೇಳಿದಾಗ ನಾನೂ ತಲೆ ಎತ್ತಿದೆ.

ಒಂದೇ ದಿನದ ನಡಿಗೆ ಎಂದು ತೋರಿಸಬೇಕಾದ ಚಿತ್ರವನ್ನು ಐದು ದಿನ ತೆಗೆಯುವಾಗ ಎಲ್ಲವೂ ಮೊದಲ ದಿನ ಇದ್ದಂತೆಯೇ ಇರಬೇಕು. ಇದನ್ನು ಕಂಟಿನ್ಯುಟಿ ಎನ್ನುತ್ತಾರೆ. ಸಂಜೆ ಆದೊಡನೆ ದೊಡ್ಡಪ್ಪನ ರುಮಾಲಿನ ಗಂಟು ಎಡಕ್ಕೋ ಬಲಕ್ಕೋ, ಕೋಲು ಯಾವ ಕೈಯಲ್ಲಿ, ಅಂಗಿಯ ಎಷ್ಟನೆಯ ಗುಂಡಿ ಇಲ್ಲ ಎಂದು ಎಲ್ಲ ಬರೆದುಕೊಂಡೆ. ಫೋಟೋ ತೆಗೆದಿಟ್ಟುಕೊಂಡೆ. "ನಾಳಿನೂ ಇದೇ ಅಂಗಿ ಹಾಕ್ಕೋಬೇಕು ದೊಡ್ಡಪ್ಪಾ" ಎಂದು ಮೂರು ಸಲ ಹೇಳಿದೆ. ಅಂವ ಆಗಲಿ ಎಂದ. ಬ್ಯಾಟರಿ ಚಾರ್ಜ್ ಮಾಡಲು ನಾವಿಬ್ಬರು ಉಮರ್ಗಾದಲ್ಲಿರುವ ನನ್ನ ಶಾಲೆಯ ಗೆಳತಿಯ ಮನೆಗೆ ಹೋದೆವು. ಹಿಂಡು ಉಮರ್ಗಾದ ಹೊರಗೆ ನಮ್ಮ ಸಂಬಂಧಿಕರ ಹೊಲದಲ್ಲಿ ತಂಗಿತು.

ಮರುದಿನ ಮುಂಜಾನೆ ನಾವು ಹೊಲಕ್ಕೆ ಬಂದಾಗ ದೊಡ್ಡಪ್ಪ ಅದೇ ಅಂಗಿಯಲ್ಲಿದ್ದ. ರುಮಾಲಿನ ಗಂಟು ಬಲಕ್ಕೆ, ಸರಿಯಾಗಿಯೇ ಇತ್ತು. ಗಡ್ಡ ಇರಲಿಲ್ಲ. ಅವನ ಹಿಂದೆ ಸುಮಾರು ಐವತ್ತು ಕುರಿಗಳು ನಿಂತಿದ್ದವು. ಒಂದರ ಮೇಲೂ ಉಣ್ಣೆ ಇರಲಿಲ್ಲ.

ನಾಲ್ಕು ಮಂದಿ ಸಂಬಂಧಿಕರು ನಸುಕಿನಲ್ಲೇ ಕತ್ತರಿ ಹಿಡಿದು ಕೂತು, ಆಗಷ್ಟೇ ಕೆಲಸ ಮುಗಿಸಿ ಚಹಾ ಕುಡಿಯುತ್ತಿದ್ದರು. ಉಣ್ಣೆಯ ಗಂಟುಗಳು ಬೇವಿನ ಬುಡದಲ್ಲಿದ್ದವು. ಬೋಳಾದ ಕುರಿಗಳು ಒಂದನ್ನೊಂದು ಗುರುತು ಸಿಗದವರಂತೆ ನೋಡುತ್ತಿದ್ದವು.

"ಅರೇ ದೇವಾ!" ಎಂದು ಸಾಯಲಿ ಕ್ಯಾಮೆರಾ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು.

"ಯಾಕ ಕತ್ತರಿಸಿದಿ ದೊಡ್ಡಪ್ಪಾ?" ಎಂದೆ.

"ಯಾಕಂದ್ರ? ಫೋಟೋ ತೆಗೀತಾರ ಅಂದ್ರ ಹಜಾಮತಿ ಮಾಡಿಸ್ಕೊಳ್ಳಾರದ ಯಾರರ ನಿಂದರ್ತಾರೇನ? ನೀನೇ ಅಂದಿ, ದೊಡ್ಡ ಪಡದೆ ಮ್ಯಾಲ ಕಾಣ್ತಾವಂತ. ಜಡಿ ಕಟ್ಟಿದ್ದು ಕುರಿ ಪಡದೆ ಮ್ಯಾಲ ಕಂಡ್ರ ಮಂದಿ ಏನಂದಾರು? ಮಾಳ್ಯಾ ಕುರಿ ಕಡೀ ನೋಡೋದೇ ಬಿಟ್ಟಾನ ಅಂತಾರ. ಮ್ಯಾಲ ಬೀಗರ ಮನಿಗಿ ಹೊಂಟೀವಿ."

ಕತ್ತರಿಯವರಲ್ಲಿ ಒಬ್ಬರು, "ನಿನ್ನ ಸಲುವಾಗಿ ಅರ್ಜಂಟ್ ಮಾಡೀವಿ ತಂಗೀ. ಕತ್ತರಿಸೋದು ಇನ್ನಾ ಹತ್ತು ದಿನಾ ಮುಂದ ಇತ್ತು" ಎಂದರು. ಉಪಕಾರ ಮಾಡಿದವರ ಮುಖ ಹೇಗಿರುತ್ತದೋ ನಾಲ್ವರ ಮುಖವೂ ಹಾಗಿತ್ತು.

ಬೈಯುವ ಹಕ್ಕು ನನಗಿರಲಿಲ್ಲ. ಯಾಕೆಂದರೆ ತಪ್ಪು ಯಾರದೆಂದು ಆ ಕ್ಷಣವೇ ಗೊತ್ತಾಗಿತ್ತು. ನಮ್ಮ ಮನೆಯ ಗೋಡೆಯ ಮೇಲೆ ಉಮರ್ಗಾದ ಸ್ಟುಡಿಯೋದಲ್ಲಿ ತೆಗೆಸಿದ ಒಂದು ಫೋಟೋ ಇದೆ. ಅದರಲ್ಲಿ ಅಜ್ಜ, ಅಪ್ಪ, ದೊಡ್ಡಪ್ಪ ಮೂವರೂ ಆಗಷ್ಟೇ ಬೋಳಿಸಿಕೊಂಡು ಬಂದು ಕೂತಿದ್ದಾರೆ. ಮೂವರೂ ಒಬ್ಬನೇ ಮನುಷ್ಯನಂತೆ ಕಾಣುತ್ತಾರೆ. ಅವರ ಮುಂದೆ ಕೂತ ನನ್ನ ತಲೆಗೆ ಅವ್ವ ಹಾಕಿದ ಎಣ್ಣೆಯಲ್ಲಿ ಸ್ಟುಡಿಯೋದ ದೀಪ ಹೊಳೆಯುತ್ತಿದೆ. ಆ ಫೋಟೋದ ಕೆಳಗೆ ಕೂತು ಹದಿನೈದು ವರ್ಷ ಊಟ ಮಾಡಿದವಳು ನಾನು. ಅಂಗಿಯ ಗುಂಡಿಯನ್ನು ಬರೆದುಕೊಂಡೆ, ನಮ್ಮವರನ್ನು ಬರೆದುಕೊಳ್ಳಲಿಲ್ಲ.

"ಚಿತ್ರದಲ್ಲಿ ಬೆಳಿಗ್ಗೆ ಉಣ್ಣೆ, ಮಧ್ಯಾಹ್ನ ಬೋಳು" ಎಂದಳು ಸಾಯಲಿ ಮರಾಠಿಯಲ್ಲಿ. "ನಡುವೆ ಒಂದು ಕ್ಷೌರದಂಗಡಿ ತೋರಿಸಿಬಿಡೋಣ."

ದೊಡ್ಡಪ್ಪನಿಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಕತ್ತರಿಯವರ ಕಡೆಗೂ, ಉಣ್ಣೆಯ ಗಂಟುಗಳ ಕಡೆಗೂ, ನನ್ನ ಕಡೆಗೂ ನೋಡಿದ. ಯೆಣೆಗೂರಿಗೆ ಒಂದು ದಿನ ಹಿಂದಿರುಗಿ ಮೊದಲಿನದನ್ನು ಮತ್ತೆ ತೆಗೆಯೋಣವೇ ಎಂದೆ.

"ಹೊಂಟದ್ದು ಹಿಂಡು ಹಿಂದ ತಿರುವಬಾರ್ದವ್ವಾ. ನನ್ನಪ್ಪ ತಿರುವಿಲ್ಲ, ನಾ ತಿರುವಿಲ್ಲ." ಆಮೇಲೆ ಸ್ವಲ್ಪ ಮೆತ್ತಗಾಗಿ, "ಉಣ್ಣಿ ಬೆಳಿಯೂತನಕಾ ಇಲ್ಲೇ ಕುಂಡ್ರೂಣು ಅಂದ್ರ ಕುಂಡ್ರೂಣು. ಆರು ತಿಂಗಳು. ಚಹಾ ಇವರು ಮಾಡ್ತಾರ" ಎಂದ.

ಮೊದಲು ನಕ್ಕವಳು ಸಾಯಲಿ, ಅದೂ ಒಂದು ಮಾತೂ ಅರ್ಥವಾಗದೆ. ಮೊದಲ ದಿನದ್ದನ್ನೆಲ್ಲ ಬಿಟ್ಟು ಅಲ್ಲಿಂದಲೇ ಹೊಸದಾಗಿ ಶುರುಮಾಡಿದೆವು. ಉಮರ್ಗಾದಿಂದ ನಿಲಂಗಾದವರೆಗೆ, ಬೋಳು ಕುರಿ, ಬೋಳು ಗಲ್ಲದ ದೊಡ್ಡಪ್ಪ. ಅವನ ಮಾತು, ಕೆಮ್ಮು, ಬೈಗುಳ, ಕರೆ ಎಲ್ಲವೂ ಸಿಕ್ಕವು. ಐದನೆಯ ದಿನ ಮಧ್ಯಾಹ್ನ ನಿಲಂಗಾ ಬಂತು. ಮರುದಿನ ಕ್ಯಾಮೆರಾ ಪುಣೆಯಲ್ಲಿರಬೇಕು. ಲಾತೂರಿನಿಂದ ರೈಲಿಗೆ ಇಬ್ಬರಿಗೂ ಟಿಕೆಟ್ ಆಗಿತ್ತು. ಮರುವಾರ ಚಿತ್ರ ಜೋಡಿಸುವ ಸರದಿ ನನ್ನದು. ತಪ್ಪಿದರೆ ಒಂದು ತಿಂಗಳು ಕಾಯಬೇಕು, ಹಾಜರಿಯೂ ಅಂಚಿನಲ್ಲಿತ್ತು.

ಹಿಂಡನ್ನು ಹೊಲದವರಿಗೆ ನೋಡಲು ಹೇಳಿ ದೊಡ್ಡಪ್ಪ ಕುಂಟುತ್ತ ನಮ್ಮ ಜೊತೆ ಬಸ್ ಸ್ಟ್ಯಾಂಡಿಗೆ ಬಂದ. ಪೆಟ್ಟಿಗೆಗಳನ್ನು ಮೇಲಿಟ್ಟೆವು. ಸಾಯಲಿ ಹತ್ತಿದಳು. ನಾನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದೆ.

"ಹತ್ತವ್ವಾ. ಇಲ್ಲಿತನಾ ಬಂದಿ, ಸಾಕು" ಎಂದ ದೊಡ್ಡಪ್ಪ. "ಮುಂದಿಂದು ಮುಂದಿನ ವರ್ಷ."

ಹಳೆಯ ರೂಢಿಯಿಂದ ಬಾಯಿಗೆ ಬಂದ ಮಾತು ಅದು. ಮುಂದಿನ ವರ್ಷ ಎಂಬುದು ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅಂವ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. ಬಿಸಿಲು ಅಷ್ಟೇನೂ ಇರಲಿಲ್ಲ.

ನಾನು ಕಾಲು ಕೆಳಗಿಟ್ಟೆ. ಸಾಯಲಿ ಕಿಟಕಿಯಿಂದ ನನ್ನ ಚೀಲವನ್ನು ಕೇಳದೆಯೇ ಎತ್ತಿ ಕೊಟ್ಟಳು. ಬಸ್ಸು ಹೋಯಿತು. ದೊಡ್ಡಪ್ಪ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದ.

"ಚಪ್ಪಲಿ ಗಟ್ಟಿ ಅವೇನ?"

ಅಲ್ಲಿಂದ ಉದಗೀರದವರೆಗೆ ಐದು ದಿನ. ಆ ಐದು ದಿನಗಳ ದಾಖಲೆ ನನ್ನ ಬಳಿ ಇಲ್ಲ. ಕ್ಯಾಮೆರಾ ಇರಲಿಲ್ಲ, ಮೈಕ್ ಇರಲಿಲ್ಲ, ಫೋನಿನ ಬ್ಯಾಟರಿ ಎರಡನೆಯ ದಿನವೇ ಸತ್ತಿತು. ನೋಟ್‌ಬುಕ್ಕನ್ನು ಚೀಲದಿಂದ ತೆಗೆಯಲೇ ಇಲ್ಲ. ಆದ್ದರಿಂದ ಮುಂದೆ ಹೇಳುವುದನ್ನು ನೆನಪು ಎಂದಷ್ಟೇ ತಿಳಿಯಬೇಕು.

ದೊಡ್ಡಪ್ಪನಿಗೆ ಆ ದಾರಿಯ ಲೆಕ್ಕ ಕಿಲೋಮೀಟರಿನಲ್ಲಿಲ್ಲ, ಮರಿಗಳಲ್ಲಿದೆ. ಒಂದು ಹುಣಸೆ ಮರ ತೋರಿಸಿ, "ಇಲ್ಲಿ ಬಿಳೇ ಮೂತಿದರ ತಾಯಿ ಹುಟ್ಟದ" ಎನ್ನುತ್ತಿದ್ದ. ಒಂದು ಹಳ್ಳದ ದಂಡೆಯಲ್ಲಿ, "ಇಲ್ಲಿ ಅವಳಿ. ಒಂದು ಉಳೀಲಿಲ್ಲ" ಎಂದು ಸ್ವಲ್ಪ ನಿಂತ. ಔರಾದ ಶಹಾಜನಿಯ ಸಂತೆಯಲ್ಲಿ ಅಂಗಡಿಯವರು ಅವನನ್ನು ಹೆಸರು ಹಿಡಿದು ಕರೆದರು. ಒಬ್ಬ ಮುದುಕಿ, "ಯಾರೋ ಮಾಳ್ಯಾ ಈಕಿ? ಹೊಸಾ ನಾಯಿ ತಂದೀ ಏನು, ಹಿಂದ ಹಿಂದ ಬರ್ಲತ್ತಾಳ" ಎಂದಳು. "ನಾಯಿಗಿಂತ ಕಡಿಮಿ ತಿಂತಾಳ, 'ಯಾಕ' ಅಂತ ಭಾಳ ಕೇಳ್ತಾಳ" ಎಂದ ದೊಡ್ಡಪ್ಪ. ನನ್ನ ಬಗ್ಗೆ ಇಲ್ಲಿಯವರೆಗೆ ಬಂದಿರುವ ವಿಮರ್ಶೆಗಳಲ್ಲಿ ಇದೇ ನಿಖರವಾದದ್ದು.

ಉದಗೀರದ ಈಚೆಗೇ ದೊಡ್ಡಪ್ಪನ ಮಗಳು ಭಾಗಕ್ಕನ ಹೊಲ. ಅವಳ ಗಂಡನಿಗೆ ನಾವು ಮರಾಠಿ ರೂಢಿಯಂತೆ ದಾಜಿ ಎನ್ನುತ್ತೇವೆ. ನಿಧಾನದ ಮನುಷ್ಯ. ನಾವು ಹೋಗಿ ಮುಟ್ಟಿದ ಸಂಜೆಯೇ ದೊಡ್ಡಪ್ಪ ಅವನನ್ನು ಬಯಲಿಗೆ ಕರೆದುಕೊಂಡು ಹೋಗಿ ಆ ಕರೆ ಕಲಿಸಿದ. ದಾಜಿ ಥ್ರ್ರ್ ಎಂದ. ಕುರಿಗಳು ಮೇಯುತ್ತಲೇ ಇದ್ದವು.

"ಟ್ರಾಕ್ಟರ್ ಚಾಲೂ ಮಾಡ್ಲತ್ತೀರೇನ್ರೀ?" ಎಂದು ಭಾಗಕ್ಕ ಗಂಡನನ್ನು ಛೇಡಿಸಿದಳು.

"ಅಂವಗ ಬರ್ತದ. ಆದ್ರ ನಾ ಮಾತಾಡ್ಕೋತ ಇರೂತನಕಾ ಬರೂದಿಲ್ಲ" ಎಂದ ದೊಡ್ಡಪ್ಪ. "ನಾಳಿ ಹೊತ್ತು ಹೊಂಟಿಂದ ನಾ ಬಾಯಿ ತೆರಿಯೂದಿಲ್ಲ. ಯಾರೂ ನನಗ ಮಾತಾಡಿಸಬ್ಯಾಡ್ರಿ."

ನಮ್ಮವರಲ್ಲಿ ಹಿಂಡು ಕೈ ಬದಲಾಗುವಾಗ ಹೀಗೆಯೇ. ಕುರಿ ಮನುಷ್ಯನ ಹಿಂದೆ ಹೋಗುವುದಿಲ್ಲ, ಧ್ವನಿಯ ಹಿಂದೆ ಹೋಗುತ್ತದೆ. ಹಳೆಯ ಧ್ವನಿ ಕಿವಿಗೆ ಬೀಳುತ್ತಿರುವವರೆಗೆ ಹೊಸ ಧ್ವನಿಯನ್ನು ಒಪ್ಪುವುದಿಲ್ಲ. ಆದ್ದರಿಂದ ಒಪ್ಪಿಸುವವನು ಹಿಂಡಿನ ಹತ್ತಿರ ಇರುವಷ್ಟು ಹೊತ್ತೂ ಮಾತು ಬಿಡಬೇಕು. ಇದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಕಂಡದ್ದು ಆವತ್ತೇ.

ಮರುದಿನ ದೊಡ್ಡಪ್ಪ ಎದ್ದು ಮುಖ ತೊಳೆದು ಕಟ್ಟೆಯ ಮೇಲೆ ಕೂತ. ಭಾಗಕ್ಕ ಚಹಾ ತಂದಳು. ಸಕ್ಕರೆ ಹೆಚ್ಚಾಗಿತ್ತೆಂದು ಹುಬ್ಬಿನಲ್ಲಿ ಹೇಳಿದ. ರೊಟ್ಟಿ ಸಾಕೆಂದು ಅಂಗೈಯಲ್ಲಿ ಹೇಳಿದ. ಐದು ಸಲ ಬಾಯಿ ತೆರೆದು ಐದು ಸಲವೂ ಮುಚ್ಚಿದ. ಹಿಂಡು ಬಿಟ್ಟಾಗ ಬೇವಿನ ಮರದ ಆಚೆ ಹೋಗಿ, ನಮ್ಮ ಕಡೆ ಬೆನ್ನು ಮಾಡಿ ನಿಂತ. ದಾಜಿ ಕರೆದ. ಕುರಿಗಳು ಮರದ ಕಡೆ ನೋಡಿದವು. ಮತ್ತೆ ಕರೆದ. ಮರದ ಕಡೆಯೇ ನೋಡಿದವು. ದೊಡ್ಡಪ್ಪನ ಬೆನ್ನು ಅಲ್ಲಾಡಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಕಿವಿ ಹರಿದ ಒಂದು ಮುದಿ ಕುರಿ ದಾಜಿಯ ಕಡೆ ನಾಲ್ಕು ಹೆಜ್ಜೆ ಹಾಕಿತು, ನಿಂತಿತು, ಮತ್ತೆ ಹಾಕಿತು. ಅದರ ಹಿಂದೆ ಇನ್ನೊಂದು. ಆಮೇಲೆ ಎಲ್ಲವೂ. ಕರಿಯ ನಾಯಿ ಮಾತ್ರ ಎರಡು ಕಡೆಗೂ ಓಡಾಡಿ, ಕೊನೆಗೆ ಹಿಂಡಿನ ಹಿಂದೆ ಹೋಯಿತು.

ಧ್ವನಿ ಓದುವವಳು ನಾನು. ಅಷ್ಟು ದೊಡ್ಡ ಬಯಲಿನಲ್ಲಿ ನಾನು ಕೇಳಿಸಿಕೊಂಡದ್ದು ಒಬ್ಬ ಮನುಷ್ಯ ಮಾತಾಡದೆ ಇರುವುದನ್ನು.

ಮಗಳಿಗೂ ಹೋಗಿ ಬರುತ್ತೇನೆ ಎನ್ನಲಿಲ್ಲ. ತಲೆಯ ಮೇಲೆ ಕೈಯಿಟ್ಟು ಹೊರಟ. ಬಸ್ ಸ್ಟ್ಯಾಂಡಿನವರೆಗೂ ಇಬ್ಬರೂ ಸುಮ್ಮನೆ ನಡೆದೆವು. ವರದಿಗಾರರು ಇಂಥ ಹೊತ್ತಿನಲ್ಲಿ ಕೇಳುವ ಪ್ರಶ್ನೆ ಒಂದಿದೆ: ನಿಮಗೆ ಏನನ್ನಿಸುತ್ತಿದೆ? ಅದನ್ನು ನಾನು ಕೇಳಲಿಲ್ಲ. ನಿಲಂಗಾ ಬಸ್ಸು ಹೊರಟು ಭಾಗಕ್ಕನ ಹೊಲದ ಪಕ್ಕದಲ್ಲೇ ಹಾದುಹೋಯಿತು. ಹಿಂಡು ರಸ್ತೆಯ ಅಂಚಿಗೆ ಬಂದು ಮೇಯುತ್ತಿತ್ತು. ಕಿಟಕಿಯ ಪಕ್ಕ ಕೂತಿದ್ದ ದೊಡ್ಡಪ್ಪ ರುಮಾಲಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದುಕೊಂಡ. ಹೊಲ ದಾಟಿತು. ಹಳ್ಳದ ಸೇತುವೆ ದಾಟಿತು. ಕೈ ತೆಗೆಯಲಿಲ್ಲ. ಮತ್ತೆರಡು ಊರು ದಾಟಿದ ಮೇಲೆ ಕೇಳಿದ.

"ನಿನ್ನ ಸಿನಿಮಾದಾಗ ನನ್ನ ಧ್ವನಿ ಅದ ಏನು?"

"ಅದ ದೊಡ್ಡಪ್ಪಾ."

"ಕರಿಯೋದೂ?"

"ಅದೂ ಅದ."

ರುಮಾಲಿನ ತುದಿಯನ್ನು ತಲೆಗೆ ಸಿಕ್ಕಿಸಿಕೊಂಡ. "ಅದಕ್ಕ ಉದಗೀರದಾಗ ಹಚ್ಚಬ್ಯಾಡ."

ಚಿತ್ರ ಒಂದು ತಿಂಗಳು ತಡವಾಗಿ ಮುಗಿಯಿತು. ಮೇಷ್ಟ್ರು ನೋಡಿ ಹೆಚ್ಚೇನೂ ಹೇಳಲಿಲ್ಲ, ಕುರಿಗಳು ಮಾತ್ರ ಬಹಳ ಸ್ವಚ್ಛವಾಗಿವೆ ಎಂದರು. ಅದನ್ನು ದೊಡ್ಡಪ್ಪನಿಗೆ ಫೋನಿನಲ್ಲಿ ತಿಳಿಸಿದೆ. "ನಾ ಹೇಳಿದ್ದಿಲ್ಲೇನು?" ಎಂದ. ಊರಿನಲ್ಲಿ ಅಪ್ಪನ ಮೊಬೈಲಿನಲ್ಲಿ ಎಲ್ಲರೂ ನೋಡಿದರಂತೆ. ಮರುವಾರ ಭಾಗಕ್ಕ, ನನಗ್ಯಾಕ ಕಳಿಸಿಲ್ಲ ಎಂದು ಜಗಳ ತೆಗೆದಳು. ಕಳಿಸಿದೆ. ಸಂಜೆ ಅವಳ ಫೋನ್ ಬಂತು.

"ಮಾಯಾ, ಅಪ್ಪ ಬಾಯಿ ಆಡಸ್ತಾನ, ಸಪ್ಪಳೇ ಇಲ್ಲಲ್ಲ. ನನ್ನ ಮೊಬೈಲ್ ಕೆಟ್ಟದೇನು?"

"ಇಲ್ಲಕ್ಕಾ. ನಾನೇ ತಗದೀನಿ."

ಅವಳಿಗೆ ಕಾರಣ ಹೇಳಬೇಕಾಗಲಿಲ್ಲ. ಆ ಕಡೆಯಿಂದ ಕುರಿಗಳ ಸದ್ದು ಕೇಳಿಸುತ್ತಿತ್ತು. ಹಟ್ಟಿಗೆ ಬರುವ ಹೊತ್ತು.

"ಛಲೋ ಮಾಡ್ದಿ" ಎಂದಳು. "ಆ ಕಿವಿ ಹರಕಿ ಇನ್ನಾ ಸಂಜಿಮುಂದ ರಸ್ತೆ ಕಡೀ ಮಾರಿ ಮಾಡಿ ನಿಂದರ್ತದ. ಅಪ್ಪಗ ಹೇಳಬ್ಯಾಡ."

ವಾರಕ್ಕೆರಡು ಸಲ ಊರಿಗೆ ಫೋನ್ ಮಾಡುತ್ತೇನೆ. ಉದಗೀರದ ಸುದ್ದಿ ಏನು ಎಂದು ದೊಡ್ಡಪ್ಪ ಪ್ರತಿ ಸಲ ಕೇಳುತ್ತಾನೆ. ಎಲ್ಲ ಛಲೋ ಅದ ಎಂದು ಹೇಳಿ ಮಾತು ಮುಗಿಸುತ್ತೇನೆ.